ಮನೆಮಗಳ ಪಾಲು

ಹಂದಿಗೆ ಜಡ್ಡು ಬಂದರೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಮುಸುರಿ ತುಂಬಿದ ಬಕೆಟ್ಟಿನ ಹಿಡಿಕೆ ಕಿಣಕ್ ಎಂದರೆ ಸಾಕು, ದೊಡ್ಡಿಗೆ ದೊಡ್ಡಿಯೇ ಅರಚಿಕೊಂಡು ಕಲ್ಲುಬಾನಿಯ ಮೇಲೆ ಬೀಳಬೇಕು. ಆ ಮುಂಜಾನೆ ಗಂಗಾಬಾಯಿ ಬಕೆಟ್ಟು ಹಿಡಿದು ಬಂದಾಗ ಅವಳ ದೊಡ್ಡಿಯಲ್ಲಿ ಅರ್ಧ ಹಂದಿಗಳು ಮಾತ್ರ ಎದ್ದವು. ಉಳಿದವು ಮೂಲೆಯಲ್ಲಿ ಒಂದರ ಮೇಲೊಂದು ತಲೆಯಿಟ್ಟು ಮಲಗಿಯೇ ಇದ್ದವು. ಗೋಡೆಯ ಆಚೆ, ನೆಗೆಣ್ಣಿ ಸುನಿತಾಳ ದೊಡ್ಡಿಯಲ್ಲಿ, ಎಲ್ಲವೂ ಅರಚುತ್ತಿದ್ದವು.

ಒಳಹೊಕ್ಕು ಒಂದರ ಕಿವಿ ಹಿಡಿದೆತ್ತಿದಳು. ಕಿವಿ ಸುಡುತ್ತಿತ್ತು. ಬಿಳಿ ತಳಿಯ ಹಂದಿಯಾದ್ದರಿಂದ ಏನೂ ಮುಚ್ಚಿಡುವಂತಿರಲಿಲ್ಲ. ಕಿವಿಯ ತುದಿ, ಹೊಟ್ಟೆಯ ತೆಳು ಚರ್ಮ, ಎರಡೂ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಹಿಂದಿನ ವಾರ ಎರಡು ಸತ್ತಾಗ ಗಂಡ ಶ್ರೀಮಂತ ಹಾವು ಕಡಿದಿರಬೇಕು ಎಂದು ಕಬ್ಬಿನ ಬದುವಿನಲ್ಲಿ ಹೂಳಿ ಬಂದಿದ್ದ. ಹಾವು ದೊಡ್ಡಿಯನ್ನೆಲ್ಲ ಕಡಿಯುವುದಿಲ್ಲ.

ಇದು ಏನೆಂದು ಗಂಗಾಬಾಯಿಗೆ ಗೊತ್ತಿತ್ತು. ಮಳೆಗಾಲದಲ್ಲಿ ದನದ ಡಾಕ್ಟರು ಊರ ಸಮುದಾಯ ಭವನಕ್ಕೆ ಹಂದಿ ಸಾಕುವವರನ್ನೆಲ್ಲ ಕರೆಸಿ ಆಫ್ರಿಕಾದ ಹಂದಿಜ್ವರದ ಸಂಗತಿ ಹೇಳಿದ್ದರು. ಮನುಷ್ಯರಿಗೆ ಏನೂ ಆಗದು, ತಿಂದರೂ ಆಗದು. ಹಂದಿಗೆ ಬಂದರೆ ಮದ್ದಿಲ್ಲ. ಜಡ್ಡಿನ ಹಂದಿಯ ಹಸಿ ಮಾಂಸವಾಗಲಿ, ಅದನ್ನು ತೊಳೆದ ನೀರಾಗಲಿ ಇನ್ನೊಂದು ಹಂದಿಯ ಬಾಯಿಗೆ ಹೋಗಬಾರದು. ಬಂದ ಮನೆಯವರು ಮುಚ್ಚಿಡದೆ ತಿಳಿಸಬೇಕು. ಸುನಿತಾ ಆಗ ಗಂಡನ ಜೊತೆ ತಮ್ಮನ ಮದುವೆಗೆಂದು ಅಫಜಲಪುರದ ತವರಿಗೆ ಹೋಗಿದ್ದಳು. ಅವಳು ಬಂದ ದಿನ ಈ ಮಾತೆಲ್ಲ ಹೇಳಬೇಕೆಂದೇ ಗಂಗಾಬಾಯಿ ಗೋಡೆಯ ಹತ್ತಿರ ಹೋಗಿದ್ದಳು. ಆದರೆ ಸುನಿತಾ ತವರಲ್ಲಿ ಉಡಿಸಿದ ಸೀರೆ ಬಿಡಿಸಿ ತೋರಿಸುತ್ತ ನಿಂತಳು. ಗಂಗಾಬಾಯಿ ಸೀರೆ ನೋಡಿ, ಚೆಂದ ಅದ ಎಂದು ಹೇಳಿ, ವಾಪಸು ಬಂದಿದ್ದಳು.

ಅಣ್ಣ ತಮ್ಮ ಬೇರೆಯಾದಾಗ ಸುನಿತಾಳ ಪಾಲಿಗೆ ಬಂದದ್ದು ಎಲುಬು ಕಾಣುವ ಎರಡು ಹೆಣ್ಣು ಹಂದಿ. ಹಂದಿಯ ಹಿಂಗಾಲು ಹೇಗೆ ಹಿಡಿಯಬೇಕೆಂದೂ ಅವಳಿಗೆ ಆಗ ಗೊತ್ತಿರಲಿಲ್ಲ; ಕಲಿಸಿದವಳು ಗಂಗಾಬಾಯಿಯೇ. ಈಗ ಗೋಡೆಯ ಆಚೆ ದೊಡ್ಡಿ ತುಂಬಿತ್ತು. ಆರು ತಾಯಿ ಹಂದಿ, ಅದರಲ್ಲಿ ನಾಲ್ಕು ಗಬ್ಬ. ಮಾಂಸಕ್ಕೆ ಬರುವವರು ಮೊದಲು ಅತ್ತ ಇಣುಕಿ, ಅಲ್ಲಿಲ್ಲವೆಂದರೆ ಇತ್ತ ಬರುತ್ತಿದ್ದರು. ಕಲಿತವಳ ದೊಡ್ಡಿ ತುಂಬಿ ಕಲಿಸಿದವಳ ದೊಡ್ಡಿ ಬರಿದಾದರೆ ಊರು ಏನನ್ನುತ್ತದೆ ಎಂಬುದನ್ನು ಗಂಗಾಬಾಯಿ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅವತ್ತು ಭಾನುವಾರ. ಕೊಯ್ಯುವ ಪಾಳಿ ಅವಳದು. ಒಂದು ಭಾನುವಾರ ಅಣ್ಣನ ಮನೆ ಕೊಯ್ದರೆ ಮುಂದಿನದು ತಮ್ಮನ ಮನೆ. ಯಾರೇ ಕೊಯ್ಯಲಿ, ಮಾರುವುದಕ್ಕೆ ಮೊದಲು ಎರಡು ಪಾಲು ತೆಗೆಯಬೇಕು. ಒಂದು ಗೋಡೆಯಾಚೆಯ ಮನೆಗೆ, ಇನ್ನೊಂದು ಹೊರಗೆ ಕೊಟ್ಟ ಮಗಳಿಗೆ. ಮನೆಮಗಳು ಎಷ್ಟೇ ದೂರ ಇರಲಿ, ಅವಳ ಪಾಲು ತೆಗೆಯದೆ ಚಾಕು ತೊಳೆಯಬಾರದು ಎಂದು ಅವರ ಅಜ್ಜಿಯರು ಹೇಳುತ್ತ ಬಂದಿದ್ದರು.

"ಇವತ್ತ ಕೊಯ್ಯೋದು ಬ್ಯಾಡ," ಎಂದ ಶ್ರೀಮಂತ. ಅವನೂ ಕಿವಿಗಳನ್ನು ನೋಡಿದ್ದ. "ತಮ್ಮಗ ಹೇಳಿ ಡಾಕ್ಟರನ್ನ ಕರಿಸೋಣ."

"ಕರಸ್ರಿ. ಶ್ರೀಮಂತನ ಮನ್ಯಾಗ ಹಂದಿಜ್ವರ ಬಂದದಂತ ಭೂಸನೂರ ತನಕ ಡಂಗುರ ಹೊಡಸ್ರಿ. ನಾಳಿಂದ ನಿಮ್ಮ ಬಾಗಲಿಗೆ ನಾಯಿನೂ ಬರಂಗಿಲ್ಲ."

"ಮತ್ತೇನ ಮಾಡತಿ?"

"ಕಿವಿ ಈಗರೆ ಕೆಂಪ ಆಗಾಕತ್ತದ ನೋಡ್ರಿ, ಆ ಗಂಡಿನ್ನ ಹಿಡೀರಿ. ನಾಳಿಗಿ ಅದೂ ಬೀಳತದ."

ಶ್ರೀಮಂತ ಹಿಡಿದ. ಮನೆಯಲ್ಲಿ ಮಾತು ಅವಳದು, ಹಗ್ಗ ಅವನದು, ಮೊದಲಿನಿಂದಲೂ ಹಾಗೇ. ಹಂದಿ ಕೂಡ ಹೆಚ್ಚು ಒದರಲಿಲ್ಲ. ಒದರುವ ಕಸುವು ಅದಕ್ಕಿರಲಿಲ್ಲ. ತೊಗರಿ ಕಟ್ಟಿಗೆಯ ಉರಿಯಲ್ಲಿ ಕೂದಲು ಸುಟ್ಟು, ಚಾಕುವಿನ ಬೆನ್ನಿನಿಂದ ಹೆರೆದು, ಅರಿಶಿನ ಹಚ್ಚಿ ಮಲಗಿಸಿದರು. ಅರಿಶಿನದ ಕೆಳಗೆ ಎಲ್ಲ ಬಣ್ಣವೂ ಒಂದೇ. ಹೊಟ್ಟೆ ಸೀಳಿದಾಗ ಮಾತ್ರ ಶ್ರೀಮಂತನ ಕೈ ನಿಂತಿತು. ಪಕ್ಕೆಯ ಕೆಳಗೆ ನಾಲಿಗೆಯಂತೆ ತೆಳ್ಳಗಿರಬೇಕಾದ ಗುಲ್ಮ ಕರಿ ಕಂಬಳಿಯ ತುಂಡಿನಂತೆ ಊದಿ ಬಿದ್ದಿತ್ತು.

"ನೋಡಿಲ್ಲಿ," ಎಂದ.

"ನೋಡಿನಿ. ತಗದು ಹೂಳ್ರಿ."

ಅಷ್ಟರಲ್ಲಿ ಊರೊಳಗಿನ ಧರ್ಮಣ್ಣ ಬಂದ. ಅವನ ಮನೆಯಲ್ಲಿ ತತ್ತಿ ಕೂಡ ಒಡೆಯುವುದಿಲ್ಲ. ಆದರೆ ಅವನ ತಾಯಿಯ ಮೊಣಕಾಲಿಗೆ ಹಂದಿಯ ಕೊಬ್ಬು ಕಾಸಿದ ಎಣ್ಣೆ ಬಿಟ್ಟರೆ ಬೇರೆ ಯಾವುದೂ ಹಿಡಿಯುತ್ತಿರಲಿಲ್ಲ. ಶೀಸೆಯನ್ನು ಟಾವೆಲ್ಲಿನೊಳಗೆ ಸುತ್ತಿಕೊಂಡು ಬಂದಿದ್ದ.

"ಲಗು ಕೊಡ ಗಂಗಾಬಾಯಿ. ಜಿಡಗಾ ಮಠಕ್ಕ ಹೊಂಟೇನಿ ಅಂತ ಹೇಳಿ ಬಂದೇನಿ."

"ಮಠಕ್ಕ ಹೋಗೋ ದಾರಿ ಹಂದಿ ದೊಡ್ಡಿ ಮ್ಯಾಲೆ ಹಾಯತದೇನ್ರಿ ಸಾಹುಕಾರ್ರ?"

"ನಕ್ಕೋ, ನಕ್ಕೋ. ನಿಮ್ಮವ್ವಗ ಮೊಣಕಾಲ ನೋಯ್ಲಿ, ಆಗ ಗೊತ್ತಾಗತದ." ಶೀಸೆ ತುಂಬಿಸಿಕೊಂಡು, ಹೋಗುವಾಗ ಗೋಡೆಯ ಮೇಲಿಂದ ಇಣುಕಿದ. "ಏನ ಬೆಳಸ್ಯಾಳಲೇ ನಿನ ನೆಗೆಣ್ಣಿ! ಹೆಣ್ಣಮಗಳಂದ್ರ ಹಿಂಗಿರಬೇಕು ನೋಡು. ಬರೋ ವಾರದಿಂದ ಅಕಿ ಕಡೆನೇ ಎಣ್ಣಿ ತಗೋತೇನಿ. ಅಲ್ಲಿ ಯಾರ ಕಣ್ಣಿಗೂ ಬೀಳಂಗಿಲ್ಲ."

ಧರ್ಮಣ್ಣ ಒಳ್ಳೆಯ ಮನುಷ್ಯನೇ. ಒಳ್ಳೆಯವರು ಇಂಥ ಮಾತು ಆಡಿ ಮುಂದೆ ಹೋಗಿಬಿಡುತ್ತಾರೆ.

ಗಂಗಾಬಾಯಿ ದೊಡ್ಡ ಬೋಗಾಣಿ ತೆಗೆದು ಪಾಲು ಹಾಕಿದಳು. ತೊಡೆಯ ಮಾಂಸ, ಪಕ್ಕೆ, ಕಲಿಜಾ, ಎಲ್ಲದರ ಮೇಲೆ ಕರುಳಿನ ಬೋಟಿ. ಬೇರೆ ವಾರ ಬೋಟಿ ತಿರುವಿ ತೊಳೆದು ಕೊಡುತ್ತಿದ್ದಳು. ಇವತ್ತು ಹಾಗೇ ಹಾಕಿದಳು, ರಕ್ತದ ಸಮೇತ.

ಶ್ರೀಮಂತ ನೋಡುತ್ತಿದ್ದ. "ಆ ನೀರ ಅಕಿ ಬಾನಿಗೇ ಸುರಿತಾಳ," ಎಂದ ಮೆಲ್ಲಗೆ. ಯಾವ ಮನೆಯಲ್ಲಾದರೂ ಸುರಿಯುವುದು ಅಲ್ಲಿಗೇ. ಅಕ್ಕಿ ತೊಳೆದದ್ದು, ಮಾಂಸ ತೊಳೆದದ್ದು, ಗಂಗಾಳ ತೊಳೆದದ್ದು, ಎಲ್ಲವೂ ಹಂದಿಯ ಮುಸುರಿಯೇ. ಚೆಲ್ಲಿದರೆ ಲಕ್ಷ್ಮಿ ಹೋಗುತ್ತಾಳೆ ಎಂದು ಸುನಿತಾಳಿಗೆ ಹೇಳಿಕೊಟ್ಟವಳೂ ಗಂಗಾಬಾಯಿಯೇ.

"ಸುರೀಲಿ."

"ಆರು ತಾಯಿ ಅವ. ಗಬ್ಬ ಅವ."

"ನನ್ನವ ಸಾಯಾಕತ್ತಾವ, ಅವಕ್ಕ ಯಾರೂ ಅಳವಲ್ರು. ಅಕಿ ದೊಡ್ಡ್ಯಾಗ ಬಂತಂದ್ರ ಅಕಿ ತಾನೇ ಡಾಕ್ಟರಿಗಿ ಫೋನ ಹಚ್ಚತಾಳ. ಹೆಸರ ಅಕಿ ಮನೀದ ಬರತದ. ನೀವು ಚಾಕು ತೊಳೀರಿ."

"ಭಾಗ್ಯಾನ ಪಾಲು?"

ಗಂಗಾಬಾಯಿ ಅವನ ಕಡೆ ತಿರುಗಿ ನೋಡಿದಳು. ಮಗಳು ಭಾಗ್ಯಾಳನ್ನು ಜೇವರ್ಗಿ ಕಡೆಯ ಅಂದೋಲಾಕ್ಕೆ ಕೊಟ್ಟಿತ್ತು. ಮದುವೆಯಲ್ಲಿ ಉಡಿ ತುಂಬಿದ ಹಾಗೆ ಎರಡು ಬಿಳಿ ಮರಿ ಕೊಟ್ಟು ಕಳಿಸಿದ್ದರು. ಅತ್ತೆ ಸೊಸೆ ಸೇರಿ ಅವೆರಡನ್ನೇ ಒಂದು ದೊಡ್ಡಿ ಮಾಡಿದ್ದರು. ಈಗ ಭಾಗ್ಯಾ ಏಳು ತಿಂಗಳ ಬಸುರಿ.

"ಹುಚ್ಚ ಹಿಡದದೇನು ನಿಮಗ? ಅಕಿಗಿ ಇವತ್ತ ಪಾಲಿಲ್ಲ," ಎಂದಳು.

ಸುನಿತಾ ಬೋಗಾಣಿ ಇಸಿದುಕೊಂಡು ಎರಡೂ ಕೈ ಸಾಲದೆ ಸೊಂಟಕ್ಕೆ ಆನಿಸಿದಳು. "ಅಯ್ಯ ಅಕ್ಕಾ, ಇಷ್ಟ್ಯಾಕ್ರಿ? ಮಾರಾಕ ಏನರೆ ಇಟ್ಕೊಂಡೀರಿಲ್ಲೊ?"

"ತಿನ್ನಬೇ. ದಿನಾ ದುಡಿತಿ, ಮೈಯಾಗ ಒಂದ ತುಣಕ ಮಾಂಸ ಇಲ್ಲ."

"ಭಾಗ್ಯಾಗ ತಗದೀರ್ರಿ?"

"ಈ ಸಲ ಇಲ್ಲವಾ. ಬಿಸಲ ಭಾಳ ಅದ, ದಾರ್ಯಾಗ ಕೆಡತದ. ಮುಂದಿನ ಸಲ ಕಳಸಿದ್ರಾತು."

ಸುನಿತಾ ಬೋಗಾಣಿ ಹೊತ್ತು ನಡೆದಳು. ಮನೆಯೊಳಗೆ ಹೋದ ಮೇಲೆ ಗಂಡ ಅಮರನಾಥನಿಗೆ ಹೇಳಿದಳು: "ಅಕ್ಕ ಈ ಸಲ ಭಾಗ್ಯಾನ ಪಾಲ ತಗದಿಲ್ಲ. ಬಸರ ಹೆಂಗಸು. ಬಾಯಿ ಬಿಟ್ಟು ಕೇಳ್ಯಾಳೇನು? ನೀವು ಹ್ಯಾಂಗೂ ಉಳ್ಳಾಗಡ್ಡಿ ಹೇರಕೊಂಡು ಜೇವರ್ಗಿಗಿ ಹೊಂಟೀರಿ, ಟಂಟಂ ಜರಾ ಅಂದೋಲಾಕ್ಕ ಹೊಡ್ಕೊಂಡ ಹೋಗ್ರಿ."

"ವೈನಿಗಿ ಕೇಳಿ ಕಳಸು."

"ಕೇಳಿದ್ರ ಬ್ಯಾಡ ಅಂತಾರ. ಮರ್ತಿದ್ದಕ್ಕ ಅವರಿಗೂ ನಾಚಿಕಿ ಆಗತದ. ಸುಮ್ಮನ ಒಯ್ಯಿರಿ."

ಅರ್ಧ ಪಾಲನ್ನು, ಬೋಟಿಯ ಒಳ್ಳೆಯ ಭಾಗ ನೋಡಿ, ಡಬ್ಬಿಗೆ ತುಂಬಿ ಸುತ್ತಲೂ ಐಸು ಇಟ್ಟು ಕಟ್ಟಿದಳು. ಅಮರನಾಥ ಮುಂಬಾಗಿಲಿನಿಂದ ಹೋದ. ಆಗ ಗಂಗಾಬಾಯಿ ಹಿಂದಿನ ಅಂಗಳದಲ್ಲಿ ಗಿರಾಕಿಗಳಿಗೆ ತೂಗುತ್ತಿದ್ದಳು.

ತೂಗುವುದು ಮುಗಿದ ಮೇಲೆ ಅವಳು ಗೋಡೆಯ ಹತ್ತಿರದ ಕಲ್ಲಿನ ಮೇಲೆ ಕುಳಿತಳು. ಆಚೆ ಸುನಿತಾ ಬೋಟಿ ತಿರುವಿ ತೊಳೆಯುತ್ತಿದ್ದಳು. ಒಂದು ನೀರು, ಎರಡು ನೀರು. ಎಲ್ಲವನ್ನೂ ಬಕೆಟ್ಟಿಗೆ ಬಸಿದು, ಮೇಲೆ ಜೋಳದ ನುಚ್ಚು ಕಲಸಿ ಬಾನಿಗೆ ಸುರಿದಳು. ತಾಯಿ ಹಂದಿಗಳು ಒಂದನ್ನೊಂದು ನೂಕಿ ಬಂದವು. ಗಬ್ಬದ ಹಂದಿಯೊಂದು ಹಿಂದೆ ಬಿದ್ದಾಗ ಸುನಿತಾ ಉಳಿದವನ್ನು ಕೋಲಿನಿಂದ ಸರಿಸಿ ಅದಕ್ಕೆ ದಾರಿ ಮಾಡಿಕೊಟ್ಟಳು. "ನೀ ಕುಡಿಬೇ ಮೊದಲ, ನಿನ ಹೊಟ್ಟ್ಯಾಗ ಕೂಸವ," ಎಂದಳು. ಬಾನಿಯ ತಳದ ಕಲ್ಲು ಕಾಣುವವರೆಗೆ ಅವು ನೆಕ್ಕಿದವು. ಗಂಗಾಬಾಯಿ ಕೊನೆಯವರೆಗೆ ಕೂತು ನೋಡಿದಳು. ಎದ್ದಾಗ ಅವಳಿಗೆ ಚೆನ್ನಾಗಿ ಹಸಿವಾಗಿತ್ತು. ಉಂಡಳು.

ಮಧ್ಯಾಹ್ನ ಫೋನು ಬಂತು. ಭಾಗ್ಯಾ.

"ಅವ್ವಾ, ಪಾಲು ಮುಟ್ಟಿತು. ಕಾಕಾ ಈಗರೆ ಕೊಟ್ಟು ಹ್ವಾದ."

ಗಂಗಾಬಾಯಿಯ ಕೈಯೊಳಗಿನ ಗಂಗಾಳ ಕೆಳಗಿಳಿಯಿತು. "ಯಾವ ಪಾಲು?"

"ನೀ ಕೊಯ್ದಿದ್ದು. ಕಾಕಿ ಕಳಸ್ಯಾಳ. ನೀ ಅಂತೂ ಮರತಿ, ಮಗಳು ಹೊರಗಿನಾಕಿ ಆದಳಲ್ಲ." ಭಾಗ್ಯಾ ನಗುತ್ತಿದ್ದಳು. "ನಮ್ಮತ್ತಿ ಅಂಗಳದಾಗ ಬೋಟಿ ತೊಳ್ಯಾಕತ್ತಾರ. ಭಾಳ ಛಲೋ ಅದ ಅಂತಾರ."

"ತೊಳದ ನೀರು ಎಲ್ಲಿ ಚೆಲ್ಲಿದ್ರಿ?"

"ಏನು?"

"ನೀರಬೇ, ನೀರು. ಎಲ್ಲಿ ಚೆಲ್ಲಿದ್ರಿ?"

"ಚೆಲ್ಲೋದ್ಯಾಕ? ಬಕೆಟ್ಟಿನಾಗ ಅದ, ಸಂಜಿ ಮುಸುರಿಗಿ ಹಾಕ್ತಾರ. ಯಾಕವ್ವಾ?"

ಒಂದೇ ಮಾತು ಸಾಕಾಗಿತ್ತು. ಮುಸುರಿಗೆ ಹಾಕಬ್ಯಾಡ, ಹೂಳು. ಗಂಗಾಬಾಯಿ ಬಾಯಿ ತೆರೆದಳು. ಗೋಡೆಯ ಆ ಕಡೆ ಸುನಿತಾ ಬಟ್ಟೆ ಹರವುತ್ತಿದ್ದಳು. ಸೀರೆಯ ಅಂಚು ಗೋಡೆಯ ಮೇಲಿಂದ ಇತ್ತ ಇಳಿಬಿದ್ದಿತ್ತು. "ಭಾಗ್ಯಾ ಹೌದಿಲ್ರಿ ಅಕ್ಕಾ? ಮುಟ್ಟಿತಂತೇನು?" ಎಂದು ಅಲ್ಲಿಂದಲೇ ಕೇಳಿದಳು.

"ಹೂಂ, ಮುಟ್ಟಿತಂತ," ಎಂದಳು ಗಂಗಾಬಾಯಿ. ಆಮೇಲೆ ಫೋನಿಗೆ: "ಏನಿಲ್ಲಬೇ. ಖಾರ ಜರಾ ಕಡಿಮಿ ಹಾಕಸು, ಬಸರ ಹೊಟ್ಟಿ."

ಫೋನು ಇಟ್ಟು ಮನೆಯ ಹಿಂದೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. ಸಂಜೆಗೆ ಇನ್ನೂ ಹೊತ್ತಿತ್ತು. ಮಗಳ ಹೆಸರಿನ ಮೇಲೆ ಬೆರಳಿಟ್ಟುಕೊಂಡು ನಿಂತಳು. ಹೇಳಿದರೆ ಭಾಗ್ಯಾ ಯಾಕೆ ಎನ್ನುತ್ತಾಳೆ. ಯಾಕೆ ಎಂದು ಹೇಳಿದರೆ, ಕಾಕಿಗೆ ಹೇಳಿದಿಯೇನು ಎನ್ನುತ್ತಾಳೆ. ಆ ಹುಡುಗಿ ಸುನಿತಾಳ ಸೊಂಟದ ಮೇಲೆ ಬೆಳೆದವಳು. ಮರುಗಳಿಗೆಯೇ ಕಾಕಿಗೆ ಫೋನು ಹಚ್ಚುತ್ತಾಳೆ. ಆಮೇಲೆ ಗೋಡೆಯ ಆಚೆಗೆ ಮುಖ ತೋರಿಸುವುದು ಹೇಗೆ? ಅಂದೋಲಾದ ಬೀಗತಿ ಕೆಲಸದಲ್ಲಿ ಜಾಣೆಯೇನಲ್ಲ, ಸಂಜೆಯ ಹೊತ್ತಿಗೆ ಬಕೆಟ್ಟು ಉರುಳಿಸಿಯೂ ಇರಬಹುದು. ಒಂದು ಬಕೆಟ್ಟು ನೀರಿಗೆ ಏನಾಗುತ್ತದೆ, ಎಲ್ಲ ಹಂದಿಗೂ ಬರಲೇಬೇಕೆಂದು ಏನಿದೆ. ಹೀಗೆ ಒಂದೊಂದೇ ಮಾತು ಹುಡುಕಿಕೊಳ್ಳುತ್ತ ಅವಳು ಫೋನನ್ನು ಕುಬಸದೊಳಗೆ ಇಟ್ಟುಕೊಂಡಳು. ನೆವ ಹುಡುಕುವವರಿಗೆ ನೆವಕ್ಕೆ ಬರವಿಲ್ಲ. ಸಂಜೆ ಹೀಗೇ ಆಯಿತು.

ಮುಂದಿನ ಭಾನುವಾರ ಸುನಿತಾ ಕೊಯ್ಯಲಿಲ್ಲ. ಅವಳ ಗಬ್ಬದ ಹಂದಿಯೊಂದು ದಿನ ತುಂಬುವ ಮೊದಲೇ ಸತ್ತ ಮರಿಗಳನ್ನು ಹಾಕಿ, ಅವುಗಳ ಪಕ್ಕದಲ್ಲೇ ತಾನೂ ಸತ್ತಿತು. ಸುನಿತಾ ಬಾನಿಯ ಹತ್ತಿರ ಕೂತು ಅತ್ತಳು. ಗಂಗಾಬಾಯಿ ಹೋಗಿ ಅವಳ ಬೆನ್ನು ಸವರಿದಳು. "ನನ್ನವೂ ಯಾಕೋ ಮೇವು ಬಿಟ್ಟಾವಬೇ. ನಿನ್ನ ಕಡಿಂದ ಬಂತೋ ಏನೋ," ಎಂದಳು. ಸುನಿತಾ ಆ ಮಾತಿಗೆ ಇನ್ನಷ್ಟು ಅತ್ತಳು. ಕಣ್ಣು ಒರೆಸಿಕೊಂಡು ತಾನೇ ಡಾಕ್ಟರಿಗೆ ಫೋನು ಮಾಡಿದಳು.

ರಕ್ತ ತೆಗೆದುಕೊಂಡು ಹೋದವರು ಮತ್ತೆ ಬರುವಾಗ ಬಿಳಿ ಅಂಗಿಯ ಆಳುಗಳನ್ನೂ ಜೆಸಿಬಿಯನ್ನೂ ಜೊತೆಗೆ ತಂದರು. ಕಬ್ಬಿನ ಗದ್ದೆಯ ಅಂಚಿನಲ್ಲಿ ತೆಗ್ಗು ತೋಡಿ, ತಳಕ್ಕೆ ಸುಣ್ಣ ಚೆಲ್ಲಿದರು. ಗೋಡೆಯ ಆ ಕಡೆಯವು, ಈ ಕಡೆಯವು, ಊರಾಚೆ ಜಗದೇವನ ಮನೆಯವು, ಬಿದ್ದವು, ಬೀಳದವು, ಯಾವುದನ್ನೂ ಬಿಡಲಿಲ್ಲ. ಕಾಲು ಕಟ್ಟಿ ಕಿವಿಯ ಹಿಂದೆ ಸೂಜಿ ಚುಚ್ಚುತ್ತಿದ್ದರು. ಸುನಿತಾ ಒಂದೊಂದನ್ನೂ ತಾನೇ ಕರೆದು ತಂದಳು. ಅವಳ ದನಿ ಕೇಳಿದರೆ ಅವು ಅರಚದೆ ಬರುತ್ತಿದ್ದವು. ಆಳುಗಳಿಗೆ ಕೆಲಸ ಹಗುರಾಯಿತು.

ಕೆಲಸ ಮುಗಿದ ಮೇಲೆ ಡಾಕ್ಟರು ಕೇಳಿದರು: "ಇತ್ತೀಚೆಗೆ ಇಲ್ಲಿಂದ ಮಾಂಸ ಬೇರೆ ಕಡೆ ಹೋಗೇತೇನ್ರಿ? ಹಂದಿ ಸಾಕೋರ ಮನೆಗೆ?"

"ಇಲ್ರಿ ಸಾಹೇಬ್ರ, ಎಲ್ಲೂ ಹೋಗಿಲ್ಲ," ಎಂದಳು ಗಂಗಾಬಾಯಿ.

"ಹೋಗೇದಲ್ರಿ ಅಕ್ಕಾ," ಎಂದಳು ಸುನಿತಾ. "ಅಂದೋಲಾಕ್ಕ, ನಮ್ಮ ಭಾಗ್ಯಾಗ. ನೀವು ಮರ್ತಿದ್ರಿ, ನಾನೇ ಕಳಸಿನಿ."

"ಸುಮ್ಮನಿರಬೇ!"

"ಸುಮ್ಮನ ಹ್ಯಾಂಗ ಇರ್ಲಿ ಅಕ್ಕಾ? ಆ ಕೂಸಿನ ದೊಡ್ಡ್ಯಾಗೂ ಬಂದ್ರ? ಸಾಹೇಬ್ರು ಹೋಗಿ ನೋಡಲಿ, ಉಳಸಲಿ."

ಡಾಕ್ಟರು ಜೇವರ್ಗಿಗೆ ಫೋನು ಮಾಡಿದರು. ಉಳಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಅಂದೋಲಾದಲ್ಲಿ ಹಂದಿಗಳು ಆಗಲೇ ಮೂಲೆ ಹಿಡಿದಿದ್ದವು. ಮನೆಯವರು ಮಗಳ ತವರಿಗೆ ಗಾಬರಿಯಾಗಬಾರದೆಂದು ತಿಳಿಸಿರಲಿಲ್ಲ, ಅಷ್ಟೇ.

ಅಲ್ಲಿಯೂ ಸುಣ್ಣ ಚೆಲ್ಲಿದ ಮೇಲೆ ಭಾಗ್ಯಾ ಬಸ್ಸು ಹತ್ತಿ ಬಂದಳು. ಚೊಚ್ಚಲು ಹೆರಿಗೆ ತವರಿನದು. ಹೇಗೂ ಬರಬೇಕಾದವಳು, ಸ್ವಲ್ಪ ಮೊದಲೇ ಬಂದಳು. ಶ್ರೀಮಂತ ಬಸ್ಸಿನಿಂದ ಚೀಲ ಹೊತ್ತು ತಂದ. ಅವಳು ಅಂಗಳಕ್ಕೆ ಕಾಲಿಡುವುದಕ್ಕೂ ಗೋಡೆ ಬಳಸಿಕೊಂಡು ಸುನಿತಾ ಓಡಿ ಬರುವುದಕ್ಕೂ ಸರಿಹೋಯಿತು. ಬಂದವಳೇ ಹುಡುಗಿಯ ಕಾಲು ಹಿಡಿದಳು.

"ನಾ ಕಳಸಿದ್ನಬೇ! ನಿನ ದೊಡ್ಡಿ ನಾ ಕೈಯಾರೆ ಹಾಳ ಮಾಡಿದೆ. ನನ ಮನ್ಯಾಗ ಜಡ್ಡ ಇಟ್ಕೊಂಡು ನಿನಗ ಪಾಲ ಕಳಸಿದೆ. ಬೈಯಿ, ಹೊಡಿ, ಏನರೆ ಮಾಡು."

"ಏಳು ಕಾಕಿ. ನನ ಕಾಲ ಮುಟ್ಟಬ್ಯಾಡ, ಪಾಪ ಬರತದ." ಭಾಗ್ಯಾಳಿಗೆ ಬಗ್ಗಲು ಆಗುತ್ತಿರಲಿಲ್ಲ. ನಿಂತಲ್ಲಿಂದಲೇ ತಾಯಿಯ ಕಡೆ ನೋಡಿದಳು. "ಅವ್ವಾ, ಕಾಕಿಗಿ ನೀ ಹೇಳತೀಯೋ, ನಾ ಹೇಳಲೋ?"

"ಏನ ಹೇಳೋದು? ಬಿಸಲಾಗ ಬಂದೀದಿ, ಒಳಗ ಬಾ."

"ಪಾಲಿನ ಹಂದಿ ನಿನ ದೊಡ್ಡೀದು. ನಾ ಫೋನ ಹಚ್ಚಿದಾಗ, ನೀರ ಎಲ್ಲಿ ಚೆಲ್ಲಿದ್ರಿ ಅಂತ ಕೇಳಿದಿ. ಹುಟ್ಟಿದಾಗಿಂದ ಈ ಮನ್ಯಾಗ ಮಾಂಸ ತೊಳದೇನಿ. ಆ ಮಾತ ಯಾವತ್ತರೆ ಕೇಳಿದ್ದೇನು?"

ಸುನಿತಾ ಕಾಲು ಬಿಟ್ಟು ನೆಲದ ಮೇಲೆಯೇ ಕುಳಿತಳು. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಗಂಗಾಬಾಯಿ ಅಲ್ಲ ಎನ್ನಲಿ ಎಂದು ಅವಳ ಮುಖವನ್ನೇ ನೋಡಿದಳು. ಆಮೇಲೆ ಶ್ರೀಮಂತನನ್ನು ನೋಡಿದಳು. ಶ್ರೀಮಂತ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿಸಿದ.

"ನನಗ ಹೇಳಿದ್ರ," ಎಂದಳು ಸುನಿತಾ ಕೊನೆಗೆ, "ನನ್ನವು ಆರರಾಗ ಎರಡು ನಿಮ್ಮ ದೊಡ್ಡಿಗಿ ಬಿಡತಿದ್ನಲ್ರಿ ಅಕ್ಕಾ."

ಅವಳು ಅದನ್ನು ಚುಚ್ಚಬೇಕೆಂದು ಹೇಳಿರಲಿಲ್ಲ. ನಿಜಕ್ಕೂ ಬಿಡುತ್ತಿದ್ದಳು, ಅದು ಗಂಗಾಬಾಯಿಗೂ ಗೊತ್ತಿತ್ತು. ಅದೇ ಅವಳಿಗೆ ತಡೆಯಲಾಗಲಿಲ್ಲ.

"ನಿನ ಭಿಕ್ಷಾ ಯಾರಿಗಿ ಬೇಕಾಗಿತ್ತಬೇ? ಹಂದಿ ಬಾಲ ಯಾವುದು ಕಿವಿ ಯಾವುದು ಅಂತ ನಿನಗ ತೋರಿಸಿದಾಕಿ ನಾನು! ನನ್ನವಷ್ಟ ಸಾಯಬೇಕಾಗಿತ್ತೇನು? ನನ ದೊಡ್ಡಿಯಷ್ಟ ಬರಿದಾಗಬೇಕಾಗಿತ್ತೇನು?"

"ಹೌದವ್ವಾ," ಎಂದಳು ಭಾಗ್ಯಾ. "ನಿನ್ನವಷ್ಟ."

ಅವಳು ಅಪ್ಪನ ಹೆಗಲಿನಿಂದ ಚೀಲ ಇಳಿಸಿಕೊಂಡಳು. ಸುನಿತಾಳತ್ತ ಕೈ ಚಾಚಿ ಎಬ್ಬಿಸಿದಳು. ಇಬ್ಬರಲ್ಲೂ ಕಸುವು ಸಾಲದೆ ಒಬ್ಬರನ್ನೊಬ್ಬರು ಆತುಕೊಂಡು ನಿಂತರು. "ಬಾಣಂತನ ನೀನೇ ಮಾಡಬೇಕ ಕಾಕಿ," ಎಂದಳು. "ಆಗಂಗಿಲ್ಲ ಅಂದ್ರ ಈಗೇ ಹೇಳು, ಸಂಜಿ ಬಸ್ಸಿಗಿ ತಿರುಗಿ ಹೋಗತೇನಿ."

ಸುನಿತಾ ಅವಳ ಕೈಯಿಂದ ಚೀಲ ಇಸಿದುಕೊಂಡು ಮುಂದೆ ನಡೆದಳು. ಇಬ್ಬರೂ ಗೋಡೆ ಬಳಸಿಕೊಂಡು ಆಚೆ ಹೋದರು.

ಗಂಗಾಬಾಯಿ ಗಂಡನ ಕಡೆ ತಿರುಗಿದಳು. "ನೋಡಕೋತ ನಿಂತೀರಲ್ಲ? ಹೋಗಿ ಕರಕೊಂಡ ಬರ್ರಿ."

ಶ್ರೀಮಂತ ಹೋದ. ಹೊತ್ತು ಮುಳುಗಿತು. ಆಚೆ ಒಲೆ ಹೊತ್ತಿತು, ರೊಟ್ಟಿ ಬಡಿಯುವ ಸಪ್ಪಳ ಬಂತು, ಗಂಗಾಳಗಳನ್ನು ಇಡುವ ಸಪ್ಪಳ ಬಂತು. ಅವನು ಅಲ್ಲೇ ಉಂಡ.